ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಗುವಿನ ಹಕ್ಕು

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಏಳನೇ ತರಗತಿಯ 13 ವರ್ಷದ ಹುಡುಗನೊಬ್ಬನನ್ನು ಪೊಲೀಸರು ಪಾಠದ ನಡುವೆಯೇ ಎಬ್ಬಿಸಿ ಕರೆದೊಯ್ದರು. ಶಾಲೆಯದೇ ಕೋಣೆ, ಮುಚ್ಚಿದ ಬಾಗಿಲು, ಕಳವಿನ ಬಗ್ಗೆ ಅರ್ಧ ಗಂಟೆಗೂ ಮಿಕ್ಕಿ ಪ್ರಶ್ನೆ. ಸಾಕಿದ ಅಜ್ಜಿಗೆ ಫೋನ್ ಮಾಡಲು ಬಿಡಲಿಲ್ಲ. ಸುಮ್ಮನಿರುವ ಹಕ್ಕಿದೆ ಎಂದು ಮೊದಲೇ ಹೇಳಲಿಲ್ಲ. ಹುಡುಗ ತಪ್ಪೊಪ್ಪಿಕೊಂಡ. ಜೆ.ಡಿ.ಬಿ. ಎಂಬ ಹೆಸರಿನ ಈ ಪ್ರಕರಣದಲ್ಲಿ 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹಕ್ಕುಗಳನ್ನು ಮೊದಲೇ ತಿಳಿಸಲೇಬೇಕಾದಂಥ ಪೊಲೀಸ್ ವಶದಲ್ಲಿ ಹುಡುಗ ಇದ್ದನೇ ಇಲ್ಲವೇ ಎಂದು ನಿರ್ಧರಿಸುವಾಗ ಮಗುವಿನ ವಯಸ್ಸನ್ನೂ ನೋಡಬೇಕು ಎಂದಿತು.

ಇಂಥ ಕೋಣೆಗಳ ಭಾರ ಎಲ್ಲ ಮಕ್ಕಳ ಮೇಲೆ ಸಮನಾಗಿ ಬೀಳುವುದಿಲ್ಲ. 2021ರಲ್ಲಿ ಕಪ್ಪು ಮಕ್ಕಳು ಬಾಲಬಂಧನ ಕೇಂದ್ರಗಳಲ್ಲಿದ್ದ ಪ್ರಮಾಣ ಬಿಳಿಯ ಮಕ್ಕಳದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಯಾರನ್ನು ಎಚ್ಚರಿಸಿ ಬಿಡಬೇಕು, ಯಾರನ್ನು ಹಿಡಿದಿಡಬೇಕು, ಯಾರನ್ನು ವಯಸ್ಕರ ಕೋರ್ಟಿಗೆ ಕಳಿಸಬೇಕು ಎಂಬ ಒಂದೊಂದು ತೀರ್ಮಾನದಲ್ಲೂ ಅಂತರ ಬೆಳೆಯುತ್ತದೆ. 2018ರ ಕಾನೂನು ತಿದ್ದುಪಡಿಯಂತೆ, ಕೇಂದ್ರದ ಅನುದಾನ ಪಡೆಯುವ ರಾಜ್ಯಗಳು ಈ ಅಂತರವನ್ನು ಹಂತಹಂತವಾಗಿ ಅಳೆದು, ತಗ್ಗಿಸುವ ಯೋಜನೆ ರೂಪಿಸಬೇಕು. ಆದರೆ ಇವತ್ತು ಠಾಣೆಯಲ್ಲಿ ಕೂತ ಮಗುವಿಗೆ ಆ ಅಂಕಿಅಂಶ ಆಸರೆಯಾಗದು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಮಹಿಳೆಯೊಬ್ಬರ ಮೇಲೆ ನಡೆದ ಅತ್ಯಾಚಾರದ ಪ್ರಕರಣವೇ ಸಾಕ್ಷಿ. 1989ರಲ್ಲಿ ಬಂಧಿತರಾದವರು 14ರಿಂದ 16ರೊಳಗಿನ ಐವರು, ನಾಲ್ವರು ಕಪ್ಪು ಹುಡುಗರು, ಒಬ್ಬ ಲ್ಯಾಟಿನೊ. ಗಂಟೆಗಟ್ಟಲೆ ವಿಚಾರಣೆಯ ನಂತರ ನಾಲ್ವರು ಕ್ಯಾಮೆರಾ ಮುಂದೆ ಹೇಳಿಕೆ ಕೊಟ್ಟರು. ಡಿಎನ್ಎ ಒಬ್ಬರಿಗೂ ಹೊಂದಲಿಲ್ಲ, ಆದರೂ ಐವರೂ ಜೈಲು ಕಂಡರು. ಶಿಕ್ಷೆ ರದ್ದಾಗಿದ್ದು 2002ರಲ್ಲಿ.

ಹಾಗಾಗಿ ಮಗುವಿಗೆ ಮೊದಲು ಕಲಿಸಬೇಕಾದ ಮಾತು ಇದು: ‘ನನಗೆ ವಕೀಲರು ಬೇಕು, ಅವರು ಬರುವವರೆಗೆ ಮಾತಾಡುವುದಿಲ್ಲ.’ ಆರೋಪದ ಲಿಖಿತ ನೋಟಿಸು, ವಕೀಲರ ನೆರವು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಡ್ಡುವ ಹಕ್ಕು ಸುಪ್ರೀಂ ಕೋರ್ಟಿನ 1967ರ ಗಾಲ್ಟ್ ತೀರ್ಪಿನಿಂದ ಬಾಲ ನ್ಯಾಯಾಲಯಕ್ಕೂ ಬಂದಿವೆ. ಹಣವಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡಬೇಕು. ತಂದೆತಾಯಿ ಪಕ್ಕದಲ್ಲಿರಲೇಬೇಕೆಂಬ ನಿಯಮ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 17 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು, ವಶದಲ್ಲಿದ್ದಾಗ, ವಕೀಲರೊಂದಿಗೆ ಮಾತಾಡದೆ ವಿಚಾರಣೆ ಶುರುವಾಗುವಂತಿಲ್ಲ.

ಶಾಲೆಯ ಶಿಸ್ತುಕ್ರಮದಲ್ಲೇ ಬಣ್ಣದ ತಾರತಮ್ಯ ಕಂಡರೆ ಅಮೆರಿಕದ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಬಹುದು. ಸಾಮಾನ್ಯ ಗಡುವು 180 ದಿನ. ಪ್ರಕರಣ ಮುಗಿದ ಮೇಲೆ ದಾಖಲೆ ತಾನಾಗಿ ಅಳಿಯುತ್ತದೆಂದು ಕೂರುವುದು ಬೇಡ. ಹಲವು ರಾಜ್ಯಗಳಲ್ಲಿ ಅದನ್ನು ಮುಚ್ಚಿಸಲು ಕೋರ್ಟಿಗೆ ಅರ್ಜಿ ಹಾಕಬೇಕು.