ಹಳೆಯ ಗಣಕಯಂತ್ರದ ದಾನ

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳುತ್ತಾರೆ. ಪಡೆಯುವವನಿಗೆ ಅದು ಸರಿಯೇ. ಆದರೆ ಕೊಡುವವನು ಎಣಿಸಿಯೇ ಕೊಡಬೇಕೆಂಬುದು ಕಳೆದ ಬೇಸಿಗೆಯಲ್ಲಿ ನನಗೆ ಮನವರಿಕೆಯಾಯಿತು.

ಭಾಲ್ಕಿಯ ನಮ್ಮ ಕಾಕಾ ಯಾವುದೋ ಕಚೇರಿಯ ಹರಾಜಿನಲ್ಲಿ ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದರು. “ನಮ್ಮೂರ ಸಾಲಿಗೆ ಕೊಡೋಣ, ಮೊದಲ ನೀ ಒಮ್ಮೆ ನೋಡು” ಎಂದರು. ಚಾಲೂ ಮಾಡಿದರೆ ಎಷ್ಟೋ ವರ್ಷಗಳ ಹಿಂದಿನ ತಾರೀಖು ತೋರಿತು. ಇದು ದೊಡ್ಡ ರೋಗವಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಸತ್ತರೆ ಯಂತ್ರಕ್ಕೆ ಕಾಲದ ನೆನಪು ಉಳಿಯದು. ಬ್ಯಾಟರಿ ಬದಲಿಸಿದೆ, ಫ್ಯಾನಿನ ಧೂಳನ್ನು ಕುಂಚದಿಂದ ತೆಗೆದೆ. ಯಂತ್ರ ಸರಿಹೋಯಿತು.

ತೊಡಕಿದ್ದುದು ಹಾರ್ಡ್‌ಡಿಸ್ಕಿನಲ್ಲಿ. ನೋಡಲು ಅದು ಬರಿದಾಗಿತ್ತು. ಕುತೂಹಲಕ್ಕೆಂದು ಅಳಿಸಿದ ಕಡತಗಳನ್ನು ಹುಡುಕುವ ತಂತ್ರಾಂಶವನ್ನು ಓಡಿಸಿದೆನಷ್ಟೆ. ಜನರ ಆಧಾರ್ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳು ಒಂದೊಂದಾಗಿ ಎದ್ದು ಬಂದವು. ಅವುಗಳಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರ ಭಾವಚಿತ್ರವೂ ಇತ್ತು! ಅದನ್ನು ಕಂಡು ಕಾಕಾ ಬಹಳ ಹೊತ್ತು ಮಾತಾಡಲಿಲ್ಲ.

ಇದು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಗ್ರಂಥಾಲಯದ ಪಟ್ಟಿಯಲ್ಲಿ ಪುಸ್ತಕದ ಹೆಸರನ್ನು ಹೊಡೆದುಹಾಕಿದರೆ ಪುಸ್ತಕ ಕಪಾಟಿನಿಂದ ಮಾಯವಾಗುವುದೆ? ಕಂಪ್ಯೂಟರಿನಲ್ಲಿ ‘ಡಿಲೀಟ್’ ಮಾಡುವುದೂ ಸಾಮಾನ್ಯವಾಗಿ ಇಷ್ಟೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಹಳೆಯದು ಅಲ್ಲಿಯೇ ಇರುತ್ತದೆ. ಆದ್ದರಿಂದ ನಾವು ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯಿಸಿದೆವು. ರಾತ್ರಿಯೆಲ್ಲ ಹಿಡಿಯಿತು. ಆಮೇಲೆ ಹಗುರವಾದ ಲಿನಕ್ಸ್ ಹಾಕಿದೆವು. ಬೆಲೆಯಿಲ್ಲದೆ ದೊರೆಯುವ ಇದರಲ್ಲಿ ಕನ್ನಡವನ್ನೂ ಬರೆಯಬಹುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ರ ಷರತ್ತುಗಳಿಗೆ ಹೊಂದುವುದಿಲ್ಲ. ಕೈಕಾಲು ಗಟ್ಟಿಯಿದ್ದೂ ಮೂಲೆಗೆ ಬೀಳುವ ಇಂಥವುಗಳಿಗೆ ಲಿನಕ್ಸ್ ಇನ್ನಷ್ಟು ವರ್ಷಗಳ ಆಯುಸ್ಸು ಕೊಡಬಲ್ಲದು.

ನಿಜವಾಗಿಯೂ ಸತ್ತ ಯಂತ್ರದ ಮಾತು ಬೇರೆ. ಕಾಕಾ ತಂದ ದಪ್ಪ ಮಾನಿಟರ್ ಬೆಳಗಲೇ ಇಲ್ಲ. ಅಂಥ ಚಿತ್ರನಳಿಕೆಯ ಗಾಜಿನಲ್ಲಿ ಸೀಸವಿರುತ್ತದೆ. ಒಡೆದು ತಿಪ್ಪೆಗೆ ಎಸೆಯಲಾಗದು. ತಾಮ್ರದ ಆಸೆಗೆ ತಂತಿ ಸುಟ್ಟರೆ ಅದರ ಪ್ಲಾಸ್ಟಿಕ್ ಹೊದಿಕೆಯಿಂದ ವಿಷದ ಹೊಗೆ ಏಳುತ್ತದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುವ ಬಿದರಿ ಕುಶಲಿಗರ ಜಿಲ್ಲೆ ನಮ್ಮದು. ಆದರೆ ಒಂದೇ ಸರ್ಕ್ಯೂಟ್ ಫಲಕದಲ್ಲಿ ಕೂಡಿರುವ ಚಿನ್ನ, ತಾಮ್ರ, ತವರಗಳನ್ನು ಬೇರ್ಪಡಿಸುವುದು ಹಿತ್ತಲಿನ ಒಲೆಯ ಕೆಲಸವಲ್ಲ. ಅದಕ್ಕೆಂದೇ 2005ರಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಎಂಬ ಘಟಕ ಆರಂಭವಾಯಿತು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಯಾದುದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಕಂಪ್ಯೂಟರ್ ಜೂನ್ ತಿಂಗಳಲ್ಲಿ ಶಾಲೆ ಸೇರಿತು. ಪರದೆಯನ್ನು ಬೇರೆ ಕೊಂಡೆವು. ಆ ದಪ್ಪ ಮಾನಿಟರ್ ಮಾತ್ರ, ಅಧಿಕೃತವಾಗಿ ಒಯ್ಯುವವರು ಸಿಗುವ ತನಕ, ಕಾಕಾ ಅವರ ಮನೆಯ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕುಳಿತಿದೆ.