ಸೊರಗಿದ ಮಾವಿಗೆ ಮತ್ತೆ ಚಿಗುರು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿನ ಸೀಮೆ. ಅಲ್ಲಿನಂಥ ಹಳೆಯ ತೋಪುಗಳಲ್ಲಿ ಅಡ್ಡಾಡಿದರೆ ಸೊರಗಿದ ಮರಗಳು ಕಣ್ಣಿಗೆ ಬೀಳದೆ ಇರವು. ಕೊಂಬೆಗಳು ತುದಿಯಿಂದ ಒಣಗುತ್ತ ಬಂದಿರುತ್ತವೆ, ಎಲೆ ಚಿಕ್ಕದಾಗಿರುತ್ತದೆ, ಹೂ ತುಂಬಿದರೂ ಕಾಯಿ ನಿಲ್ಲುವುದಿಲ್ಲ. ಮರ ಮುದಿಯಾಯಿತೆಂದು ಕೆಲವರು ಕಡಿಸಿಬಿಡುತ್ತಾರೆ, ಇನ್ನು ಕೆಲವರು ಬುಡಕ್ಕೆ ಮೂಟೆಗಟ್ಟಲೆ ಗೊಬ್ಬರ ಸುರಿಯುತ್ತಾರೆ. ಎರಡೂ ಅವಸರದ ಕೆಲಸವೇ. ಮಾವು ನೂರು ವರ್ಷ ಬಾಳಬಲ್ಲ ಮರ. ಸೊರಗಿದ್ದಕ್ಕೆ ಬೇರೇನೋ ಕಾರಣವಿರುತ್ತದೆ, ಮೊದಲು ಅದನ್ನು ಹುಡುಕಬೇಕು.

ಹುಡುಕಾಟ ಕಾಂಡದಿಂದ ಶುರುವಾಗಲಿ. ಚಾಕುವಿನ ತುದಿಯಿಂದ ತೊಗಟೆಯನ್ನು ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಬುಡದ ಸುತ್ತಲೂ ಕಂದಾಗಿ ಒಣಗಿದ್ದರೆ ಆ ಮರದ ಮೇಲೆ ಹಣ, ಶ್ರಮ ಹಾಕುವುದು ಬೇಡ.

ಕಾಂಡದಲ್ಲಿ ತೂತು, ಕೆಳಗೆ ಮರದ ಹೊಟ್ಟು ಕಂಡರೆ ಅದು ಕಾಂಡ ಕೊರೆಯುವ ಹುಳುವಿನ ಕೆಲಸ. ಸೈಕಲ್ ಕಡ್ಡಿ ತೂರಿಸಿ ಹುಳುವನ್ನು ಚುಚ್ಚಿ ಕೊಂದು, ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯನ್ನು ಒಳಗೆ ತುರುಕಿ, ಜೇಡಿಮಣ್ಣಿನಿಂದ ಬಾಯಿ ಮುಚ್ಚಬೇಕು. ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಹೊಸ ಹೊಟ್ಟು ಉದುರಿದ್ದರೆ ಹುಳು ಸತ್ತಿಲ್ಲ, ಇನ್ನೊಮ್ಮೆ ಮಾಡಬೇಕು.

ಮೇಲೆ ಕಣ್ಣು ಹಾಯಿಸಿದರೆ ಬದನಿಕೆ ಕಾಣಬಹುದು. ಕೆಲವೆಡೆ ಇದಕ್ಕೆ ಬಂದಳಿಕೆ ಎನ್ನುತ್ತಾರೆ. ಮಾವು ಒಣಗುತ್ತಿದ್ದರೂ ಇದು ಮಾತ್ರ ದಪ್ಪ ಎಲೆಗಳೊಂದಿಗೆ ಸೊಂಪಾಗಿರುತ್ತದೆ, ಏಕೆಂದರೆ ಮರದ ನೀರು, ಲವಣಗಳನ್ನೇ ಹೀರುತ್ತದೆ. ಹಣ್ಣು ತಿಂದ ಪುಟ್ಟ ಹಕ್ಕಿಗಳು ಅಂಟುಬೀಜವನ್ನು ಕೊಂಬೆಗೆ ಒರೆಸಿದಲ್ಲೆಲ್ಲ ಅದು ಮೊಳೆಯುತ್ತದೆ. ಬದನಿಕೆಯನ್ನಷ್ಟೇ ಕಿತ್ತರೆ ಒಳಗಿಳಿದ ಭಾಗ ಮತ್ತೆ ಚಿಗುರುತ್ತದೆ. ಆದ್ದರಿಂದ ಅದು ಅಂಟಿಕೊಂಡ ಜಾಗಕ್ಕಿಂತ ಕನಿಷ್ಠ ಒಂದಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು, ಅದೂ ಹಣ್ಣಾಗುವ ಮೊದಲು. ಪಕ್ಕದ ತೋಪಿನವರೂ ಜತೆಗೂಡಿದರೆ ಮಾತ್ರ ಈ ಕಾಟ ತಗ್ಗುತ್ತದೆ.

ಇನ್ನೊಂದು ಕಾರಣವನ್ನು ಬೆಳೆಗಾರರು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಹೂ ಬರಿಸಲು ವರ್ಷವರ್ಷವೂ ಬುಡಕ್ಕೆ ಹಾಕುವ ಕಲ್ಟಾರ್ ಮರದ ಬೆಳವಣಿಗೆಯನ್ನೇ ತಡೆಯುವ ರಾಸಾಯನಿಕ. ಸೊರಗಿದ ಮರಕ್ಕೆ ಬೇಕಿರುವುದು ಚಿಗುರು. ಅದು ಚೇತರಿಸಿಕೊಳ್ಳುವವರೆಗೆ ಕಲ್ಟಾರ್ ಹಾಕಲೇಬಾರದು, ಒಂದೆರಡು ಫಸಲು ಕೈತಪ್ಪಿದರೂ ಸರಿ.

ಈಗ ಗರಗಸದ ಕೆಲಸ. ಮುದಿ ಮರಗಳ ತಲೆಯನ್ನು ನೆಲದಿಂದ ನಾಲ್ಕೈದು ಮೀಟರ್ ಎತ್ತರದಲ್ಲಿ ಕತ್ತರಿಸಿ ಹೊಸದಾಗಿ ಚಿಗುರಿಸುವ ವಿಧಾನವನ್ನು ಲಖನೌ ಬಳಿಯ ರೆಹಮಾನ್‌ಖೇಡಾದ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆ ಬಳಕೆಗೆ ತಂದಿತು. ಆದರೆ ಇಡೀ ತಲೆಯನ್ನು ಒಮ್ಮೆಗೇ ಬೋಳಿಸಿದರೆ ಆ ಪೆಟ್ಟಿಗೆ ಬಳಲಿದ ಮರವನ್ನು ಕೊರೆಯುವ ಹುಳು ಬೇಗ ಮುತ್ತುತ್ತದೆ, ಫಸಲೂ ಪೂರ್ತಿ ನಿಲ್ಲುತ್ತದೆ. ಸಣ್ಣ ಹಿಡುವಳಿದಾರರಿಗೆ ಮೂರು ವರ್ಷಗಳಲ್ಲಿ ಮೂರು ಕಂತಾಗಿ ಕತ್ತರಿಸುವುದೇ ಮೇಲು. ಮೊದಲ ವರ್ಷ ನಡುವೆ ನೆಟ್ಟಗೆ ಬೆಳೆದ ಕೊಂಬೆ ತೆಗೆದರೆ ಒಳಕ್ಕೆ ಬಿಸಿಲು ಇಳಿಯುತ್ತದೆ, ಉಳಿದ ಕೊಂಬೆಗಳ ಎಲೆಗಳು ಮರವನ್ನು ಸಾಕುತ್ತವೆ.

ಕೊಯ್ಲು ಮುಗಿದ ಮೇಲೆ, ಮಳೆಯಿಲ್ಲದ ದಿನ ನೋಡಿ ಕತ್ತರಿಸಬೇಕು. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಅರ್ಧ ಗರಗಸ ಹಾಕಿ, ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸಿಗಿದು ಬರುವುದಿಲ್ಲ. ಕೊಯ್ದ ಜಾಗಕ್ಕೆ ಅಂದೇ ಬೋರ್ಡೋ ಮುಲಾಮು ಬಳಿಯಬೇಕು. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣವನ್ನು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆಬೇರೆಯಾಗಿ ಕರಗಿಸಿ ಬೆರೆಸಿದರೆ ಮುಲಾಮು ಸಿದ್ಧ. ಎರಡಕ್ಕೂ ಸೇರಿ ನೀರು 10 ಲೀಟರ್ ಮೀರಬಾರದು. ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಇನ್ನಷ್ಟು ಬೇಕು. ನೆರಳು ಕಳೆದುಕೊಂಡ ಕಾಂಡಕ್ಕೆ ಸುಣ್ಣ ಬಳಿದರೆ ತೊಗಟೆ ಬಿಸಿಲಿಗೆ ಬಿರಿಯದು.

ಗೊಬ್ಬರದ ಸರದಿ ಇಷ್ಟಾದ ಮೇಲೆ. ಆಹಾರ ಹೀರುವ ಎಳೆ ಬೇರುಗಳು ಹೆಚ್ಚಾಗಿ ಇರುವುದು ಬುಡದಿಂದ ದೂರದಲ್ಲಿ, ಕೊಂಬೆಗಳ ನೆರಳು ಬೀಳುವಲ್ಲಿ. ಅಲ್ಲಿ ಸುತ್ತಲೂ ಆಳವಿಲ್ಲದ ಪಾತಿ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ, ಮಣ್ಣು ಮುಚ್ಚಿ, ಒಣ ಎಲೆ ಹರಡಬೇಕು. ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ಕೊಡುವುದು ಒಳ್ಳೆಯದು. ನೀರು ನಿಲ್ಲುವ ತೋಪಾದರೆ ಬಸಿಗಾಲುವೆ ಬೇಕೇ ಬೇಕು.

ಕತ್ತರಿಸಿದಲ್ಲಿ ಚಿಗುರು ಗೊಂಚಲಾಗಿ ಒಡೆಯುತ್ತದೆ. ಕೊಂಬೆಗೆ ನಾಲ್ಕೈದರಂತೆ, ಹೊರಮುಖವಾಗಿ ಬೆಳೆದ ಗಟ್ಟಿ ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ಚಿವುಟಬೇಕು. ಇವು ಹೂ ಬಿಡಲು ಎರಡು ಮೂರು ವರ್ಷ ಹಿಡಿಯುತ್ತದೆ. ತಳಿ ಬದಲಿಸಲು ಇದೇ ಸಮಯ: ಪೆನ್ಸಿಲ್ ದಪ್ಪದ ಚಿಗುರಿಗೆ ಬಾದಾಮಿ ಅಥವಾ ಮಲ್ಲಿಕಾದ ಕಸಿಕಡ್ಡಿ ಕಟ್ಟಿದರೆ ಹಳೆಯ ತೋತಾಪುರಿ ಮರವೇ ಹೊಸ ಹಣ್ಣು ಕೊಡುತ್ತದೆ. ಕಸಿಯ ಕೆಳಗೆ ಒಡೆಯುವ ಮೂಲ ಮರದ ಚಿಗುರನ್ನು ಮಾತ್ರ ಆಗಾಗ ಮುರಿಯುತ್ತಿರಬೇಕು.