ಮನೆಯ ಗಣಕಯಂತ್ರ, ಅಂಗಡಿಯ ಲೆಕ್ಕ: ಉಚಿತ ಕಾವಲು ತಂತ್ರಾಂಶದ ಪರೀಕ್ಷೆ

ಬಂದರಿನ ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ಲೆಕ್ಕದ ಕೆಲಸ ಮನೆಗೆ ಬರುವುದು ಮಂಗಳೂರಿನ ವರ್ತಕರಿಗೆ ಹೊಸದಲ್ಲ. ಹಿಂದೆ ಖಾತೆಪುಸ್ತಕ ಬರುತ್ತಿತ್ತು, ಈಗ ಪೆನ್ ಡ್ರೈವ್ ಬರುತ್ತದೆ. ತಿಂಗಳ 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ವರ್ತಕನು ಕದ್ರಿಯಲ್ಲೋ ಬಿಜೈಯಲ್ಲೋ ಇರುವ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಟ್ಯಾಲಿ ತೆರೆಯುತ್ತಾನೆ. ಅದೇ ಯಂತ್ರದಲ್ಲಿ ಸಂಜೆ ಮಗನು ಯಾವುದೋ ಆಟವನ್ನು ಇಳಿಸಿಕೊಂಡಿರುತ್ತಾನೆ. ಸ್ಪೈವೇರ್ ಎಂದು ಕರೆಯಲ್ಪಡುವ ಗೂಢಚಾರ ತಂತ್ರಾಂಶವು ಒಳಬರುವುದು ಬಹುಮಟ್ಟಿಗೆ ಇಂತಹ ಬಾಗಿಲಿನಿಂದಲೇ. ಬೀಗ ಮುರಿದ ಲೆಕ್ಕದ ತಂತ್ರಾಂಶವನ್ನು ಯಾರಿಂದಲೋ ಪಡೆದು ಬಳಸುವವರ ಮನೆಯಲ್ಲಂತೂ ಬಾಗಿಲು ತೆರೆದೇ ಇರುತ್ತದೆ.

ಕೆಲವು ವೈರಸ್‌ಗಳು ಕಡತಗಳನ್ನು ಕೆಡಿಸಿ ತಮ್ಮ ಇರವನ್ನು ತಾವೇ ಸಾರುತ್ತವೆ. ಗೂಢಚಾರ ತಂತ್ರಾಂಶವು ಏನನ್ನೂ ಕೆಡಿಸುವುದಿಲ್ಲ. ಒತ್ತಿದ ಕೀಲಿಗಳನ್ನು, ತೆರೆದ ಪುಟಗಳನ್ನು ದಾಖಲಿಸಿ ಹೊರಗೆ ಕಳುಹಿಸುತ್ತದೆ. ಬ್ಯಾಂಕಿನ ಗುಪ್ತಪದ ಹೋದದ್ದು ತಿಳಿಯುವುದು ಹಣ ಹೋದ ಮೇಲೆ.

ಆಡ್-ಅವೇರ್, ಸ್ಪೈಬಾಟ್ ಎಂಬ ಉಚಿತ ತಂತ್ರಾಂಶಗಳು 2000ರ ದಶಕದ ಮೊದಲ ವರ್ಷಗಳಲ್ಲಿ ಪ್ರಸಿದ್ಧವಾಗಿದ್ದವು. 2004ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಜೈಂಟ್ ಎಂಬ ಕಂಪೆನಿಯನ್ನು ಕೊಂಡು, ಅದರ ತಂತ್ರಾಂಶವನ್ನು 2006ರಲ್ಲಿ ವಿಂಡೋಸ್ ಡಿಫೆಂಡರ್ ಎಂಬ ಹೆಸರಿನಿಂದ ಹೊರತಂದಿತು. 2012ರ ವಿಂಡೋಸ್ 8ರಿಂದ ಅದು ವೈರಸ್ ನಿರೋಧಕವೂ ಆಗಿ ಯಂತ್ರದೊಳಗೇ ಬರತೊಡಗಿತು. ಆದುದರಿಂದ ಮೊದಲು ಪರೀಕ್ಷಿಸಬೇಕಾದದ್ದು ಈಗಾಗಲೇ ಮನೆಯಲ್ಲಿರುವ ಈ ಕಾವಲುಗಾರನನ್ನು. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಗೋಡೆಯ ಬಿರುಕನ್ನು ಮುಚ್ಚುವುದು ಕಾವಲುಗಾರನ ಕೆಲಸವಲ್ಲ.

ಇನ್ನು 'ಉಚಿತ' ಎಂಬ ಮಾತು. ಹಲವು ಉಚಿತ ಆವೃತ್ತಿಗಳ ಪರವಾನಗಿಯು ಸ್ವಂತ, ವಾಣಿಜ್ಯೇತರ ಬಳಕೆಗೆ ಮಾತ್ರ ಸೀಮಿತ. ಮನೆಯಲ್ಲಿದ್ದ ಮಾತ್ರಕ್ಕೆ ಯಂತ್ರವು ಗೃಹಬಳಕೆಯದ್ದಾಗುವುದಿಲ್ಲ. ಅದರಲ್ಲಿ ಸಂಸ್ಥೆಯ ಲೆಕ್ಕ ಬರೆದರೆ ಆ ಷರತ್ತು ಮುರಿದಂತೆಯೇ. ಯಂತ್ರದ ಸವಕಳಿಯನ್ನು ವ್ಯಾಪಾರದ ಖರ್ಚೆಂದು ತೋರಿಸುತ್ತ, ತಂತ್ರಾಂಶವನ್ನು ಮನೆಯ ಬಳಕೆಗೆಂದು ಪಡೆಯುವುದು ಹೊಂದಿಕೆಯಾಗದ ಮಾತು. ಕಾವಲುಗಾರನೇ ಮಾಹಿತಿ ಮಾರಿದ ಉದಾಹರಣೆಯೂ ಉಂಟು. ಅವಾಸ್ಟ್ ಸಂಸ್ಥೆಯು ಬಳಕೆದಾರರ ಜಾಲವೀಕ್ಷಣೆಯ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತೆಂಬ ಆರೋಪದ ಮೇಲೆ, 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಪಾವತಿಗೆ ಕ್ರಮ ಕೈಗೊಂಡಿತು. ಜಂಪ್‌ಶಾಟ್ 2020ರಲ್ಲಿಯೇ ಮುಚ್ಚಿತ್ತು.

ಪರೀಕ್ಷೆಯ ಕ್ರಮ ಕಠಿಣವಲ್ಲ. ಮೊದಲು ಟ್ಯಾಲಿಯ ದತ್ತಾಂಶವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ ಡಿಸ್ಕನ್ನು ಕಳಚಿಡಬೇಕು. ಡಿಜಿಟಲ್ ಸಹಿಯ ಟೋಕನ್ನನ್ನೂ ತೆಗೆದಿಡಬೇಕು. ಅದನ್ನು ವರ್ಷವಿಡೀ ಯಂತ್ರಕ್ಕೆ ಚುಚ್ಚಿಯೇ ಇಡುವ ರೂಢಿ ಸಹಿ ಹಾಕಿದ ಚೆಕ್ಕನ್ನು ಮೇಜಿನ ಮೇಲಿಟ್ಟಂತೆ. ಬಳಿಕ ತಂತ್ರಾಂಶವನ್ನು ತಯಾರಕರ ಜಾಲತಾಣದಿಂದಲೇ ಪಡೆದು, ನವೀಕರಿಸಿ, ಪೂರ್ಣ ತಪಾಸಣೆ ನಡೆಸಬೇಕು. ಡಿಫೆಂಡರಿನಲ್ಲಿರುವ ಆಫ್‌ಲೈನ್ ತಪಾಸಣೆಯು ವಿಂಡೋಸ್ ಏಳುವ ಮೊದಲೇ ನಡೆಯುವುದರಿಂದ ಅವಿತವುಗಳನ್ನೂ ಹಿಡಿಯುವ ಸಂಭವ ಹೆಚ್ಚು. ಸದಾ ಎಚ್ಚರವಿರುವ ಕಾವಲು ಒಂದೇ ಇರಲಿ, ಎರಡಿದ್ದರೆ ಪರಸ್ಪರ ಅಡ್ಡಬರುತ್ತವೆ. ಸಿಕ್ಕಿದ್ದನ್ನು ಕೂಡಲೇ ಅಳಿಸದೆ ಪ್ರತ್ಯೇಕವಾಗಿಡಬೇಕು. ಎಣಿಕೆ ಕಂಡು ಗಾಬರಿಯಾಗಬೇಕಿಲ್ಲ, ನಿರುಪದ್ರವಿ ಕುಕೀಗಳನ್ನೂ ಸೇರಿಸಿ ನೂರಾರು ಎಂದು ತೋರಿಸುವ ತಂತ್ರಾಂಶಗಳಿವೆ. ನಿಜವಾದ ಗೂಢಚಾರ ಸಿಕ್ಕಿದರೆ ಗುಪ್ತಪದಗಳನ್ನು ಬೇರೆ ಯಂತ್ರದಿಂದ ಬದಲಿಸಬೇಕು, ಅದೇ ಯಂತ್ರದಿಂದ ಬದಲಿಸಿದರೆ ಹೊಸದೂ ಹೋದೀತು.

ತಪಾಸಣೆಯ ವರದಿಯನ್ನು ದಿನಾಂಕಸಹಿತ ಮುದ್ರಿಸಿ ವೋಚರುಗಳ ಜೊತೆ ಇಡುವವರು ವಿರಳ. ಅದರ ಬೆಲೆ ತಿಳಿಯುವುದು ಹಣ ಹೋದ ದಿನ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಅನಧಿಕೃತ ವಿದ್ಯುನ್ಮಾನ ವ್ಯವಹಾರಗಳನ್ನು ಹೀಗೆ ವಿಂಗಡಿಸಿತು: ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದೆ ಬೇರೆಡೆಯಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಸಣ್ಣ ಉದ್ದಿಮೆಗಳ ಚಾಲ್ತಿ ಖಾತೆಗೆ ಹೊಣೆಯ ಮಿತಿ 10,000 ರೂಪಾಯಿ. ಗ್ರಾಹಕನ ನಿರ್ಲಕ್ಷ್ಯದಿಂದ ಹೋಗಿದ್ದರೆ ತಿಳಿಸುವವರೆಗಿನ ನಷ್ಟವೆಲ್ಲ ಆತನದೇ. ಹೊಣೆಯನ್ನು ಸಾಬೀತುಪಡಿಸುವ ಭಾರವನ್ನು ಸುತ್ತೋಲೆ ಬ್ಯಾಂಕಿನ ಮೇಲೆ ಹೊರಿಸಿತ್ತು, ನಿಜ. ಆದರೂ ಜಾಗರೂಕತೆಗೆ ಕಾಗದದ ಸಾಕ್ಷ್ಯವಿರುವ ವರ್ತಕನ ವಾದಕ್ಕೂ ಬರಿಗೈಯವನ ವಾದಕ್ಕೂ ಅಂತರವುಂಟು.

ಹಣ ಹೋದುದು ಕಂಡೊಡನೆ ಬ್ಯಾಂಕಿಗೂ, 1930 ಸಂಖ್ಯೆಯ ಸಹಾಯವಾಣಿಗೂ ತಿಳಿಸಬೇಕು. ನಗರದ ಸೈಬರ್ ಅಪರಾಧ ಠಾಣೆಗೆ ಲಿಖಿತ ದೂರು ಕೊಡುವಾಗ ಹಿಂದಿನ ತಪಾಸಣಾ ವರದಿಗಳ ಪ್ರತಿಯನ್ನೂ ಲಗತ್ತಿಸಬಹುದು. ಅಲ್ಲಿಯವರೆಗೆ ಯಂತ್ರವನ್ನು ಅಂತರ್ಜಾಲದಿಂದ ಕಳಚಿಡಬೇಕು, ಮರುಸ್ಥಾಪನೆಗೆ ಆತುರಪಡಬಾರದು. ಅಳಿಸಿಹೋದರೆ ತನಿಖೆಗೆ ಉಳಿಯುವುದು ಏನೂ ಇರದು.